ಮದುವೆಯ ಲೇಸ್ ಗೌನ್: ಮನೆಯಲ್ಲೇ ಹೊಲಿಯುವವರಿಗೆ

ಪ್ರಿನ್ಸೆಸ್ ಕಟ್ ಬ್ಲೌಸನ್ನು ಸುಕ್ಕಿಲ್ಲದೆ ಕೂರಿಸಲು ನಿಮಗೆ ಬರುತ್ತದಾ? ಹಾಗಾದರೆ ಮದುವೆಯ ಲೇಸ್ ಗೌನ್ ಹೊಲಿಯಲೂ ಬರುತ್ತದೆ. ಹೊಸದಾಗಿ ಕಲಿಯಬೇಕಾದ್ದು ಮೂರ್ನಾಲ್ಕು ಕೈಕೆಲಸ ಅಷ್ಟೆ. ಬ್ಲೌಸ್ ಹೊಲಿಯಲು ಈಗಷ್ಟೇ ಕಲಿಯುತ್ತಿದ್ದರೆ ಮಾತ್ರ ಸ್ವಲ್ಪ ತಡೆಯಿರಿ. ಗೌನನ್ನು ಟೈಲರ್‌ಗೆ ಕೊಡಿ, ತಲೆಗೆ ಹಾಕುವ ವೇಲ್ ಮಾತ್ರ ನೀವು ಮಾಡಿ. ಅದೂ ಚೆನ್ನಾಗೇ ಇರುತ್ತದೆ.

ಮಂಗಳೂರು, ಉಡುಪಿ, ಬೆಂಗಳೂರಿನ ಕಡೆ ಚರ್ಚ್ ಮದುವೆಗೆ ಬಿಳಿ ಗೌನ್ ಹೊಲಿಸುವವರು ತುಂಬಾ ಜನ. ಬುಟಿಕ್‌ಗೆ ಹೋದರೆ ಚೆಂದದ ಲೇಸ್ ಇರುತ್ತದೆ, ಆದರೆ ಒಳಗಡೆ ಅಗ್ಗದ ಪಾಲಿಸ್ಟರ್ ಸ್ಯಾಟಿನ್. ಮೇ ತಿಂಗಳ ಕರಾವಳಿ ಸೆಖೆಯಲ್ಲಿ ಅದನ್ನು ಹಾಕಿಕೊಂಡು ಪೂಜೆ ಮುಗಿಯುವವರೆಗೆ ನಿಂತವರಿಗೇ ಗೊತ್ತು. ಮನೆಯಲ್ಲಿ ಹೊಲಿದರೆ ಒಳಗಿನ ಬಟ್ಟೆ ನಮ್ಮ ಆಯ್ಕೆ. ನನ್ನ ಪ್ರಕಾರ ಮನೆಯಲ್ಲಿ ಹೊಲಿಯುವುದಕ್ಕೆ ಇದೊಂದೇ ಕಾರಣ ಸಾಕು.

ಒಂದು ಮಾತನ್ನು ಶುರುವಿನಲ್ಲೇ ತಲೆಯಲ್ಲಿ ಇಟ್ಟುಕೊಳ್ಳಿ. ಲೇಸ್ ಭಾರ ಹೊರುವ ಬಟ್ಟೆ ಅಲ್ಲ. ಬಿಗಿದರೆ ಜಗ್ಗುತ್ತದೆ, ಎಳೆದರೆ ಹರಿಯುತ್ತದೆ. ಮೈಗೆ ಕೂರುವುದು, ಸೊಂಟದಲ್ಲಿ ನಿಲ್ಲುವುದು, ಘೇರಿನ ತೂಕ ಹಿಡಿಯುವುದು ಎಲ್ಲ ಒಳಗಿನ ಬಟ್ಟೆಯ ಕೆಲಸ. ಲೇಸ್ ಅದರ ಮೇಲೆ ಸುಮ್ನೆ ಕೂತಿರಬೇಕು. ಮುಂದಿನ ಪ್ರತಿ ಹಂತದಲ್ಲೂ ಅನುಮಾನ ಬಂದರೆ ಇದನ್ನೇ ಕೇಳಿಕೊಳ್ಳಿ: ಈ ಜಾಗದಲ್ಲಿ ತೂಕ ಯಾರ ಮೇಲೆ ಬೀಳುತ್ತಿದೆ?

ದಿನಗಳ ಲೆಕ್ಕ

ಕ್ಯಾಥೊಲಿಕರು ಸಾಮಾನ್ಯವಾಗಿ ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದಲ್ಲೂ ಕ್ರಿಸ್‌ಮಸ್‌ಗೆ ಮುಂಚಿನ ಆಗಮನ ಕಾಲದಲ್ಲೂ ಮದುವೆ ಇಟ್ಟುಕೊಳ್ಳುವುದಿಲ್ಲ. ಹಾಗಾಗಿ ಈಸ್ಟರ್ ಆದ ಮೇಲೆ ಏಪ್ರಿಲ್, ಮೇಯಲ್ಲಿ ಮದುವೆಗಳ ಗದ್ದಲ. ಕ್ರಿಸ್‌ಮಸ್ ಆದ ಮೇಲೆ ಜನವರಿಯಲ್ಲಿ ಮತ್ತೊಂದು ಸುತ್ತು. ಏಪ್ರಿಲ್ ಮದುವೆಯಾದರೆ ನವೆಂಬರಿಗೆ ಲೇಸ್ ಮನೆಯಲ್ಲಿರಬೇಕು. ಜನವರಿ ಮದುವೆಯಾದರೆ ಆಗಸ್ಟಿಗೆ. ಆಗ ಅರ್ಧ ಹೊಲಿಗೆ ಮಳೆಗಾಲದಲ್ಲೇ ನಡೆಯುತ್ತದೆ, ಅದಕ್ಕೆ ಬೇರೆ ಎಚ್ಚರ ಬೇಕು. ಮುಂದೆ ಹೇಳುತ್ತೇನೆ.

ಐದಾರು ತಿಂಗಳು ಜಾಸ್ತಿ ಅನ್ನಿಸಬಹುದು. ಒಂದು ತಿಂಗಳು ಪ್ಯಾಟರ್ನ್ ಮತ್ತು ಕೋರಾ ಬಟ್ಟೆಯ ಟ್ರಯಲ್. ಒಂದು ತಿಂಗಳು ಒಳಗಿನ ಗೌನ್. ಎರಡು ತಿಂಗಳು ಲೇಸ್, ಯಾಕೆಂದರೆ ಅದು ಹೆಚ್ಚೂಕಡಿಮೆ ಪೂರ್ತಿ ಕೈಹೊಲಿಗೆ. ಉಳಿದದ್ದು ಕೆಲಸ, ಮನೆ, ಜ್ವರ, ನೆಂಟರಿಗೆ. ಮದುವೆಗೆ ಎರಡು ವಾರ ಇರುವಾಗ ಗೌನ್ ಹ್ಯಾಂಗರಿನಲ್ಲಿ ನೇತಾಡುತ್ತಿರಬೇಕು. ಮಂಗಳೂರಿನವರಾದರೆ ಮುಂಚಿನ ದಿನ ರೋಸ್ ಶಾಸ್ತ್ರ ಇರುತ್ತದೆ, ತಲೆ ಮೇಲೆ ತೆಂಗಿನ ಹಾಲು ಸುರಿಯುತ್ತಾರೆ. ಅವತ್ತು ಸೂಜಿ ಹಿಡಿದು ಕೂರುವ ಹಾಗೆ ಆಗಬಾರದು ಅಲ್ವಾ?

ಡಿಸೈನ್: ಹೊಲಿಗೆ ಕಡಿಮೆ, ಲೇಸ್ ಜಾಸ್ತಿ

ಲೇಸ್‌ಗೆ ಅದರದ್ದೇ ಡಿಸೈನ್ ಇದೆ. ಅದರ ಮೇಲೆ ಇನ್ನೊಂದು ಡಿಸೈನ್ ಹೇರಬೇಡಿ. ಫ್ರಿಲ್, ಪ್ಲೀಟ್, ಹತ್ತು ಕಡೆ ಕಟ್ ಎಲ್ಲ ಬಿಡಿ. ಮೊದಲ ಸಲಕ್ಕೆ ನಾನು ಹೇಳುವುದು ಇಷ್ಟೇ: ಮೈಗೆ ಕೂರುವ ಮೇಲ್ಭಾಗ, ಸೊಂಟದಲ್ಲಿ ಒಂದು ಜೋಡಣೆ, ಕೆಳಗೆ ಎ-ಲೈನ್ ಸ್ಕರ್ಟ್, ಮೊಣಕೈವರೆಗೆ ಅಥವಾ ಅದಕ್ಕಿಂತ ಸ್ವಲ್ಪ ಕೆಳಗೆ ತೋಳು. ಭುಜ ಮುಚ್ಚಬೇಕು, ಕತ್ತು ತೀರಾ ಆಳ ಇರಬಾರದು ಎಂದು ಕೆಲವು ಚರ್ಚ್‌ಗಳಲ್ಲಿ ಹೇಳುತ್ತಾರೆ. ನಿಮ್ಮ ಫಾದರ್ ಹತ್ತಿರ ಮೊದಲೇ ಕೇಳಿ. ಕತ್ತರಿಸಿದ ಮೇಲೆ ಕೇಳಿದರೆ ಪ್ರಯೋಜನ ಇಲ್ಲ.

ಫಿಶ್‌ಕಟ್ ಗೌನ್ ಆಸೆ ಇದ್ದರೆ ಒಮ್ಮೆ ಯೋಚಿಸಿ. ತೊಡೆ, ಮೊಣಕಾಲಿನ ಹತ್ತಿರ ಬಿಗಿ ಇರುವ ಜಾಗದಲ್ಲಿ ಕೂತು ಎದ್ದು ಮಾಡಿದಾಗಲೆಲ್ಲ ಲೇಸ್ ಎಳೆಯುತ್ತದೆ. ಚರ್ಚಿನಲ್ಲಿ ಮಂಡಿಯೂರಬೇಕು ಬೇರೆ.

ಲೇಸ್ ಆರಿಸುವುದು

ಅಂಗಡಿಯಲ್ಲಿ ಎಲ್ಲಕ್ಕೂ ಲೇಸ್ ಅಂತಲೇ ಹೇಳುತ್ತಾರೆ. ನೀವು ನಾಲ್ಕು ಬಗೆ ಗುರುತಿಸಲು ಕಲಿತರೆ ಸಾಕು.

ಶಾಂಟಿಲಿ ತೆಳು. ಷಡ್ಭುಜದ ಸಣ್ಣ ಜಾಲ, ಅದರಲ್ಲೇ ನೇಯ್ದ ಹೂಬಳ್ಳಿ. ಅಂಚಿನಲ್ಲಿ ಕಣ್ರೆಪ್ಪೆಯಂಥ ಸಣ್ಣ ಎಳೆಗಳು ಇಣುಕುತ್ತವೆ. ಹೂವಿನ ಸುತ್ತ ದಪ್ಪ ದಾರದ ಗೆರೆ ಎದ್ದು ಕಂಡರೆ ಅದು ಕಾರ್ಡೆಡ್ ಲೇಸ್, ಅಂಗಡಿಯವರ ಬಾಯಲ್ಲಿ ಆಲೆನ್ಸಾನ್. ಜಾಲವೇ ಇಲ್ಲದೆ ಹೂವುಗಳು ದಾರದ ಸಣ್ಣ ಕಡ್ಡಿಗಳಿಂದ ಒಂದಕ್ಕೊಂದು ಅಂಟಿಕೊಂಡಿದ್ದರೆ ಗಿಪ್ಯೂರ್. ಇದನ್ನು ಬೇರೊಂದು ಬಟ್ಟೆಯ ಮೇಲೆ ಮೆಷಿನ್ ಕಸೂತಿ ಹಾಕಿ, ಆಮೇಲೆ ಕೆಳಗಿನ ಬಟ್ಟೆಯನ್ನು ಕರಗಿಸಿ ಮಾಡುತ್ತಾರೆ. ಗಟ್ಟಿ, ಆದರೆ ಭಾರ. ನಾಲ್ಕನೆಯದು ನಮ್ಮಲ್ಲಿ ಎಲ್ಲಕ್ಕಿಂತ ಹೆಚ್ಚು ಸಿಗುವುದು: ನೈಲಾನ್ ನೆಟ್ ಮೇಲೆ ಮೆಷಿನ್ ಕಸೂತಿ. ಸೂರತ್ತಿನಿಂದ ರಾಶಿ ರಾಶಿ ಬರುತ್ತದೆ. ತಿರುಗಿಸಿ ಹಿಂಭಾಗ ನೋಡಿ. ಬಾಬಿನ್ ದಾರದ ಓಟ ಕಾಣಿಸಿದರೆ ಅದು ಕಸೂತಿ ಹಾಕಿದ ನೆಟ್, ನೇಯ್ದ ಲೇಸ್ ಅಲ್ಲ. ಇದೇನೂ ಕೀಳಲ್ಲ. ಮೊದಲ ಗೌನ್‌ಗೆ ಇದೇ ಒಳ್ಳೆಯದು ಅನ್ನುತ್ತೇನೆ, ಯಾಕೆಂದರೆ ಹೂವು ಕತ್ತರಿಸಿ ಅಂಟಿಸಲು ಸುಲಭ, ಬೆಲೆಯೂ ಕೈಗೆಟುಕುತ್ತದೆ.

ಫ್ರೆಂಚ್ ಲೇಸ್‌ಗೆ ಯಾಕಷ್ಟು ಬೆಲೆ ಅಂತ ಕೇಳುವವರಿಗೆ ಒಂದು ಸಣ್ಣ ಕಥೆ. ಜಾನ್ ಲೀವರ್ಸ್ ಎಂಬಾತ 1813ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಲೇಸ್ ನೇಯುವ ಮೆಷಿನ್ ಮಾಡಿದ. ಅವು ಕಡಲು ದಾಟಿ ಫ್ರಾನ್ಸಿನ ಕ್ಯಾಲೆಗೆ ಹೋದವು. ಇವತ್ತಿಗೂ ಕ್ಯಾಲೆ ಮತ್ತು ಕೊದ್ರಿಯಲ್ಲಿ ಅದೇ ಬಗೆಯ ಹಳೆಯ, ಟನ್‌ಗಟ್ಟಲೆ ತೂಗುವ ಮೆಷಿನ್‌ಗಳಲ್ಲಿ ನೇಯುತ್ತಾರೆ. ಮೆಷಿನ್ ನಿಧಾನ, ಓಡಿಸಬಲ್ಲವರು ಕಡಿಮೆ. ಅಂಥ ಲೇಸ್ ಆಸೆ ಇದ್ದರೆ ಪೂರ್ತಿ ಗೌನ್‌ಗೆ ತೆಗೆದುಕೊಳ್ಳಬೇಡಿ. ಮೇಲ್ಭಾಗಕ್ಕೆ ಮತ್ತು ತೋಳಿಗೆ ಮಾತ್ರ ತಂದು, ಸ್ಕರ್ಟಿಗೆ ಬರೀ ಮೃದು ನೆಟ್ ಹಾಕಿ. ನೋಡುವವರ ಕಣ್ಣು ಹೇಗೂ ಸೊಂಟದಿಂದ ಮೇಲೆಯೇ ಇರುತ್ತದೆ.

ಆಂಧ್ರದ ನರಸಾಪುರದ ಕ್ರೋಶಾ ಲೇಸ್ ಬಗ್ಗೆಯೂ ಕೆಲವರು ಕೇಳುತ್ತಾರೆ. ಕೈಕೆಲಸ, ಹತ್ತಿ ದಾರ, ನೋಡಲು ಚೆಂದ. ಆದರೆ ಗೌನ್ ಪೂರ್ತಿ ಹಾಕಿದರೆ ತನ್ನ ತೂಕಕ್ಕೇ ಕೆಳಗೆ ಇಳಿಯುತ್ತದೆ. ಕತ್ತಿನ ಅಂಚು, ಕೈತುದಿಗೆ ಬಳಸಿ.

ಬೆಂಗಳೂರಿನಲ್ಲಾದರೆ ಚಿಕ್ಕಪೇಟೆ, ಕಮರ್ಷಿಯಲ್ ಸ್ಟ್ರೀಟ್ ಎರಡನ್ನೂ ನೋಡಿ. ಹೋಗುವಾಗ ಲೈನಿಂಗ್ ತುಂಡು ಜೊತೆಗಿರಲಿ. ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ಎಲ್ಲ ಬಿಳಿಯೂ ಒಂದೇ ಥರ ಕಾಣುತ್ತದೆ. ಹೊರಗೆ ಬಿಸಿಲಿಗೆ ತಂದು ಎರಡನ್ನೂ ಒಂದರ ಮೇಲೊಂದು ಇಡಿ. ನೀಲಿ ಛಾಯೆಯ ಬಿಳಿ ನೈಲಾನ್ ಮತ್ತು ಹಾಲು ಬಿಳಿ ಹತ್ತಿ ಜೊತೆಗೆ ಬಂದರೆ ಒಂದು ಕೊಳೆ ಅನ್ನಿಸುತ್ತದೆ. ಆಮೇಲೆ ಲೇಸನ್ನು ತೋಳಿನ ಒಳಭಾಗಕ್ಕೆ, ಕತ್ತಿಗೆ ಉಜ್ಜಿ ನೋಡಿ. ಮಣಿ, ಸೀಕ್ವಿನ್ ಇದ್ದದ್ದು ಬಗಲಿನಲ್ಲಿ ಚರ್ಮ ಕೆರೆಯುತ್ತದೆ. ಕೊನೆಗೆ ಉದ್ದಕ್ಕೂ ಅಡ್ಡಕ್ಕೂ ಮೆಲ್ಲಗೆ ಎಳೆದು ನೋಡಿ. ಯಾವ ಕಡೆ ಜಾಸ್ತಿ ಹಿಗ್ಗುತ್ತದೋ ಆ ದಿಕ್ಕು ಮೈಸುತ್ತ ಬರಬೇಕು, ಮೇಲಿಂದ ಕೆಳಗೆ ಅಲ್ಲ.

ಎಷ್ಟು ಬೇಕು? ಐದೂಕಾಲು ಅಡಿ ಎತ್ತರದವರಿಗೆ, ಹಿಂದೆ ಎಳೆದಾಡುವ ಟ್ರೇಲ್ ಇಲ್ಲದ ಎ-ಲೈನ್ ಗೌನ್‌ಗೆ ಅಗಲ ಪನ್ನದ ಲೇಸ್ ಸುಮಾರು 4 ಮೀಟರ್, 44 ಇಂಚಿನ ಲೈನಿಂಗ್ 5 ಮೀಟರ್, ಮೃದು ನೆಟ್ 3ರಿಂದ 4 ಮೀಟರ್. ಲೇಸ್ ಮಾತ್ರ ಇನ್ನೊಂದು ಮೀಟರ್ ಹೆಚ್ಚು ತನ್ನಿ. ಹೊಲಿಗೆ ಮುಚ್ಚಲು ಬಿಡಿ ಹೂಗಳು ಬೇಕೇ ಬೇಕು, ಆಮೇಲೆ ಹೋದರೆ ಅದೇ ಡಿಸೈನ್ ಸಿಗುವುದಿಲ್ಲ.

ಉಳಿದ ಸಾಮಾನು

ಲೈನಿಂಗ್‌ಗೆ ಹತ್ತಿ ವಾಯಿಲ್, ಕ್ಯಾಂಬ್ರಿಕ್ ಅಥವಾ ಹತ್ತಿ-ರೇಷ್ಮೆ. ಹೊಳಪು ಬೇಕಾದರೆ ರೇಷ್ಮೆಯ ಸ್ಯಾಟಿನ್ ಹೊರಗೆ, ಹತ್ತಿ ಮೈಗೆ. ಮೇಲ್ಭಾಗದ ಗಟ್ಟಿತನಕ್ಕೆ ಆರ್ಗನ್ಜಾ. ಸೊಂಟಕ್ಕೆ ಒಂದು ಇಂಚು ಅಗಲದ ಗಟ್ಟಿ ಗ್ರೋಗ್ರೇನ್ ರಿಬ್ಬನ್. ಬೋನ್ ಕಡ್ಡಿ, ಅಂದರೆ ಮೇಲ್ಭಾಗ ನೆಟ್ಟಗೆ ನಿಲ್ಲಲು ಒಳಗೆ ಹಾಕುವ ಸಪೂರ ಪ್ಲಾಸ್ಟಿಕ್ ಪಟ್ಟಿ. ನೈಲಾನ್ ಅದೃಶ್ಯ ಜಿಪ್. ಸಣ್ಣ ತುದಿಯ ಹರಿತ ಕತ್ತರಿ, ಅದನ್ನು ಕಾಗದಕ್ಕೆ ಮುಟ್ಟಿಸಬೇಡಿ. ಮೆಷಿನ್‌ಗೆ 9 ಮತ್ತು 11ನೇ ನಂಬರಿನ ಸೂಜಿ. ಕೈಹೊಲಿಗೆಗೆ 10ನೇ ನಂಬರಿನ ಸಪೂರ ಸೂಜಿ. ದಾರ ತೆಳು, ಲೇಸಿನ ಬಣ್ಣಕ್ಕೆ ಸರಿಯಾಗಿ. ಪ್ಲಾಸ್ಟಿಕ್ ಗುಂಡಿನ ಗುಂಡುಸೂಜಿ ಇಸ್ತ್ರಿ ತಗುಲಿದರೆ ಕರಗುತ್ತದೆ, ಗಾಜಿನ ಗುಂಡಿನದ್ದು ತನ್ನಿ.

ಅಳತೆ ಮತ್ತು ಕೋರಾ ಗೌನ್

ಮದುವೆ ದಿನ ಹಾಕುವ ಬ್ರಾ ಮತ್ತು ಚಪ್ಪಲಿ ಹಾಕಿಕೊಂಡೇ ಅಳತೆ ತೆಗೆಯಿರಿ. ಹಿಮ್ಮಡಿ ಅರ್ಧ ಇಂಚು ಬದಲಾದರೂ ಸ್ಕರ್ಟಿನ ಅಂಚು ಹಾಳು. ಸೊಂಟದಿಂದ ನೆಲಕ್ಕೆ ಮುಂದೆ, ಪಕ್ಕ, ಹಿಂದೆ ಮೂರೂ ಕಡೆ ಬೇರೆ ಬೇರೆ ಅಳೆಯಿರಿ. ಮೂರೂ ಒಂದೇ ಇರುವುದಿಲ್ಲ. ನಿಮ್ಮ ಅಳತೆ ನೀವೇ ತೆಗೆಯಲು ಹೋಗಬೇಡಿ.

ಪ್ಯಾಟರ್ನನ್ನು ಮೊದಲು ಕೋರಾ ಬಟ್ಟೆಯಲ್ಲಿ ಹೊಲಿದು ಹಾಕಿ ನೋಡಿ. ಈ ಹಂತ ಬಿಡುವವರು ತುಂಬಾ ಜನ. ಬಿಡಬೇಡಿ. ಬೇರೆ ಬಟ್ಟೆಯಲ್ಲಿ ಹೊಲಿಗೆ ಬಿಚ್ಚಿ ಸರಿಮಾಡಬಹುದು, ಲೇಸಿನಲ್ಲಿ ಬಿಚ್ಚಿದ ಕಡೆ ಜಾಲ ಹರಿದಿರುತ್ತದೆ. ಕೋರಾ ಹಾಕಿಕೊಂಡು ಕೂರಿ, ಮಂಡಿಯೂರಿ, ಎರಡೂ ಕೈ ಎತ್ತಿ ಯಾರನ್ನಾದರೂ ತಬ್ಬಿಕೊಳ್ಳಿ. ಮದುವೆ ದಿನ ನೂರಾರು ಜನ ತಬ್ಬಿಕೊಳ್ಳುತ್ತಾರೆ. ಬೆನ್ನು ಎಳೆದರೆ ಈಗಲೇ ಬಿಡಿಸಿ. ಸರಿಹೋದ ಮೇಲೆ ಕೋರಾವನ್ನು ಪೂರ್ತಿ ಬಿಚ್ಚಿ, ಇಸ್ತ್ರಿ ಮಾಡಿ. ಇನ್ನು ಮುಂದೆ ಅದೇ ನಿಮ್ಮ ಪ್ಯಾಟರ್ನ್.

ಒಳಗಿನ ಗೌನ್

ಲೇಸನ್ನು ಕಪಾಟಿನಲ್ಲಿಟ್ಟು ಮರೆತುಬಿಡಿ. ಮೊದಲು ಲೈನಿಂಗ್ ಗೌನ್ ಪೂರ್ತಿ ಆಗಬೇಕು, ಅದೊಂದನ್ನೇ ಹಾಕಿಕೊಂಡರೂ ಮೈಗೆ ಸರಿಯಾಗಿ ಕೂರಬೇಕು. ಹತ್ತಿಯಾದರೆ ನೆನೆಸಿ ಒಣಗಿಸಿ ಇಸ್ತ್ರಿ ಹಾಕಿದ ಮೇಲೆ ಕತ್ತರಿಸಿ.

ಮೇಲ್ಭಾಗಕ್ಕೆ ಪ್ರಿನ್ಸೆಸ್ ಕಟ್. ಪ್ರತಿ ತುಂಡಿನ ಹಿಂದೆ ಆರ್ಗನ್ಜಾ ಇಟ್ಟು ಕಚ್ಚಾ ಹೊಲಿಗೆ ಹಾಕಿ, ಎರಡನ್ನೂ ಒಂದೇ ಬಟ್ಟೆ ಎಂದುಕೊಂಡು ಹೊಲಿಯಿರಿ. ಪಕ್ಕದ ಹೊಲಿಗೆ ಮತ್ತು ಪ್ರಿನ್ಸೆಸ್ ಹೊಲಿಗೆಯ ಮಾರ್ಜಿನ್ ಮೇಲೆ ಬೋನ್ ಪಟ್ಟಿ ಕೂರಿಸಿ. ಬೋನ್ ತುದಿಗಳನ್ನು ದುಂಡಗೆ ಕತ್ತರಿಸಿ ಬಟ್ಟೆ ಸುತ್ತಿ, ಇಲ್ಲದಿದ್ದರೆ ಪಕ್ಕೆಗೆ ಚುಚ್ಚುತ್ತದೆ. ಸೊಂಟದ ಹೊಲಿಗೆಗಿಂತ ಅರ್ಧ ಇಂಚು ಮೇಲೆಯೇ ಬೋನ್ ನಿಲ್ಲಲಿ.

ಈಗ ಸೊಂಟದ ರಿಬ್ಬನ್. ನೂರು ಗೌನ್ ಬಿಚ್ಚಿ ನೋಡಿದರೆ ತೊಂಬತ್ತರಲ್ಲಿ ಇದು ಇರುವುದಿಲ್ಲ, ಆದರೆ ಗೌನ್ ಇಡೀ ದಿನ ಜಾರದೆ ನಿಲ್ಲುವುದು ಇದರಿಂದಲೇ. ಗ್ರೋಗ್ರೇನ್ ರಿಬ್ಬನನ್ನು ಸೊಂಟದ ಸರಿಯಾದ ಅಳತೆಗೆ, ಸ್ವಲ್ಪ ಬಿಗಿಯಾಗಿ ಕತ್ತರಿಸಿ. ಪಕ್ಕದ ಹೊಲಿಗೆ, ಪ್ರಿನ್ಸೆಸ್ ಹೊಲಿಗೆ ಇರುವಲ್ಲಿ ಮಾತ್ರ ಒಳಗಿನಿಂದ ನಾಲ್ಕೈದು ಟಾಕಿ ಹಾಕಿ. ಹಿಂದೆ ಜಿಪ್ ಹತ್ತಿರ ಎರಡೂ ತುದಿ ಬಿಡಿಯಾಗಿರಲಿ, ಹುಕ್ ಹಾಕಿ. ಗೌನ್ ಹಾಕಿಕೊಂಡಾಗ ಮೊದಲು ಈ ಹುಕ್, ಆಮೇಲೆ ಜಿಪ್. ಸ್ಕರ್ಟಿನ ತೂಕವೆಲ್ಲ ಸೊಂಟದ ಮೂಳೆಯ ಮೇಲೆ ಕೂರುತ್ತದೆ. ಭುಜದ ಲೇಸ್ ಮೇಲೆ ಒಂದು ಗ್ರಾಂ ಕೂಡ ಬೀಳುವುದಿಲ್ಲ.

ಸ್ಕರ್ಟಿಗೆ ಲೈನಿಂಗ್ ಒಂದು ಪದರ, ಅದರ ಮೇಲೆ ನೆಟ್ ಒಂದೋ ಎರಡೋ ಪದರ. ಒರಟು ಕ್ಯಾನ್‌ಕ್ಯಾನ್ ನೆಟ್ ಬೇಕೆಂದರೆ ಪ್ರತ್ಯೇಕ ಪೆಟಿಕೋಟ್ ಮಾಡಿ. ಸೆಖೆ ಆದಾಗ ತೆಗೆದುಬಿಡಬಹುದು.

ಲೇಸ್ ಹಾಸಿ ಕತ್ತರಿಸುವುದು

ಇದಕ್ಕೆ ಒಂದು ಬೆಳಗ್ಗೆ ಪೂರ್ತಿ ಇಟ್ಟುಕೊಳ್ಳಿ. ಫ್ಯಾನ್ ಆಫ್, ಉಂಗುರ ಬಳೆ ಕಳಚಿ, ಕೈಗೆ ಎಣ್ಣೆ ಕ್ರೀಮ್ ಇಲ್ಲ. ನೆಲಕ್ಕೆ ಕಡುಬಣ್ಣದ ಬೆಡ್‌ಶೀಟ್ ಹಾಸಿ, ಅದರ ಮೇಲೆ ಲೇಸ್ ಒಂಟಿ ಪದರದಲ್ಲಿ. ಮಡಚಿ ಎರಡು ಪದರ ಒಟ್ಟಿಗೆ ಕತ್ತರಿಸಬೇಡಿ. ಕಡುಬಣ್ಣ ಕೆಳಗಿದ್ದರೆ ಹೂಬಳ್ಳಿ ಎತ್ತ ಹೋಗುತ್ತಿದೆ ಅಂತ ಚೆನ್ನಾಗಿ ಕಾಣುತ್ತದೆ.

ಸುಮ್ಮನೆ ನೋಡುತ್ತ ಕೂರಿ. ದೊಡ್ಡ ಹೂವು ಎಷ್ಟು ದೂರಕ್ಕೊಮ್ಮೆ ಮರಳಿ ಬರುತ್ತಿದೆ? ಬಳ್ಳಿ ಎಡಕ್ಕೆ ತಿರುಗಿದ್ದು, ಬಲಕ್ಕೆ ತಿರುಗಿದ್ದು ಎರಡೂ ಇದೆಯಾ? ಇದ್ದರೆ ಎಡ ತೋಳಿಗೆ ಒಂದು, ಬಲ ತೋಳಿಗೆ ಇನ್ನೊಂದು. ಎದೆಯ ತುದಿಯ ಮೇಲೆ ಸರಿಯಾಗಿ ದುಂಡನೆಯ ದೊಡ್ಡ ಹೂವು ಬರದ ಹಾಗೆ ನೋಡಿಕೊಳ್ಳಿ. ಬಂದರೆ ಫೋಟೋದಲ್ಲಿ ಎಲ್ಲರ ಕಣ್ಣೂ ಅಲ್ಲಿಗೇ ಹೋಗುತ್ತದೆ.

ಅಲೆ ಅಲೆಯಾದ ಅಂಚು ಸ್ಕರ್ಟಿನ ಕೆಳಗೆ ಮತ್ತು ತೋಳಿನ ತುದಿಗೆ ಬರಬೇಕು. ಹಾಗಾಗಿ ಪ್ಯಾಟರ್ನನ್ನು ಕೆಳಗಿನಿಂದ ಮೇಲಕ್ಕೆ ಇಡಿ. ಮೊದಲು ಅಂಚು ಸರಿಹೊಂದಿಸಿ, ಉದ್ದದ ಹೆಚ್ಚು ಕಡಿಮೆಯನ್ನು ಸೊಂಟದ ಹತ್ತಿರ ತೆಗೆಯಿರಿ. ನಾವು ಸಾಮಾನ್ಯವಾಗಿ ಮಾಡುವುದಕ್ಕೆ ಇದು ಉಲ್ಟಾ.

ಗುರುತಿಗೆ ಚಾಕ್ ಬೇಡ, ಜಾಲದಲ್ಲಿ ನಿಲ್ಲುವುದಿಲ್ಲ. ಪೆನ್ ಅಂತೂ ಬೇಡವೇ ಬೇಡ. ಪ್ಯಾಟರ್ನ್ ಸುತ್ತ ತಿಳಿಬಣ್ಣದ ದಾರದಲ್ಲಿ ಉದ್ದ ಉದ್ದ ಕಚ್ಚಾ ಹೊಲಿಗೆ ಹಾಕಿ. ಅದೇ ಹೊಲಿಗೆ ಗೆರೆ. ಕೆಂಪು, ಕಪ್ಪು ದಾರ ಬಣ್ಣ ಬಿಡಬಹುದು, ತಿಳಿ ಹಳದಿಯೋ ತಿಳಿ ನೀಲಿಯೋ ಸಾಕು. ಮಧ್ಯದ ಗೆರೆ, ಸೊಂಟ, ಎದೆಯ ತುದಿ ಎಲ್ಲಕ್ಕೂ ದಾರದ ಗುರುತು.

ಕತ್ತರಿಸುವಾಗ ಮಾರ್ಜಿನ್ ಎಲ್ಲ ಕಡೆ ಒಂದೇ ಅಲ್ಲ. ಜೋಡಣೆಯಲ್ಲಿ ಕೆಳಗೆ ಹೋಗುವ ತುಂಡಿಗೆ ಒಂದು ಇಂಚು ಬಿಟ್ಟು ನೇರ ಕತ್ತರಿಸಿ. ಮೇಲೆ ಬರುವ ತುಂಡಿನಲ್ಲಿ ಗೆರೆ ದಾಟಿ ಹೋದ ಹೂವನ್ನು ತುಂಡರಿಸಬೇಡಿ. ಹೂವು ಎಲ್ಲಿವರೆಗೆ ಚಾಚಿದೆಯೋ ಅಲ್ಲಿವರೆಗೆ ಸುತ್ತಿಕೊಂಡು ಕತ್ತರಿಸಿ. ಸಾಮಾನ್ಯವಾಗಿ ಮುಂಭಾಗ ಮೇಲೆ, ಹಿಂಭಾಗ ಕೆಳಗೆ.

ಇನ್ನೊಂದು ಉಪಾಯ. ಲೈನಿಂಗ್‌ನಲ್ಲಿ ಪ್ರಿನ್ಸೆಸ್ ಕಟ್ ಇದೆ ಅಂತ ಲೇಸಿನಲ್ಲೂ ಬೇಕಿಲ್ಲ. ಮುಂಭಾಗದ ಲೇಸ್ ಒಂದೇ ತುಂಡು ಇರಲಿ, ಪಕ್ಕದಲ್ಲಿ ಒಂದು ಟಕ್ಸ್ ಸಾಕು. ಅದನ್ನೂ ಹೂವಿನ ಅಡಿಯಲ್ಲಿ ಅಡಗಿಸಬಹುದು.

ಹೂವಿನ ಮೇಲೆ ಹೂವು: ಹೊಲಿಗೆ ಕಾಣದ ಜೋಡಣೆ

ಮನೆಯ ಗೌನ್ ಮನೆಯದ್ದು ಅಂತ ಗೊತ್ತಾಗುವುದೇ ಪಕ್ಕದ ಹೊಲಿಗೆಯಲ್ಲಿ. ಎರಡು ಲೇಸ್ ತುಂಡನ್ನು ಬ್ಲೌಸಿನ ಹಾಗೆ ಮೆಷಿನ್‌ನಲ್ಲಿ ಸೇರಿಸಿದರೆ ಬಳ್ಳಿ ಅರ್ಧಕ್ಕೆ ಕತ್ತರಿಸಿ, ಒಳಗಿನ ಮಾರ್ಜಿನ್ ಬಿಳಿ ಪಟ್ಟಿಯಂತೆ ಹೊರಗೆ ಕಾಣುತ್ತದೆ. ಅದರ ಬದಲು ಹೀಗೆ ಮಾಡಿ.

ಹಿಂಭಾಗದ ಲೇಸನ್ನು ಡಮ್ಮಿ ಮೇಲೋ ದಿಂಬಿನ ಮೇಲೋ ಹಾಸಿ. ಅದರ ಮೇಲೆ ಮುಂಭಾಗದ ಲೇಸ್ ತನ್ನಿ. ಎರಡರ ದಾರದ ಗುರುತು ಒಂದರ ಮೇಲೊಂದು ಕೂರಬೇಕು. ಗುಂಡುಸೂಜಿ ಚುಚ್ಚಿ, ಗೆರೆಯ ಉದ್ದಕ್ಕೂ ಕಚ್ಚಾ ಹೊಲಿಗೆ ಹಾಕಿ. ಈಗ ಮೇಲಿನ ತುಂಡಿನ ಹೂವಿನ ಅಂಚು ನೋಡಿ. ಗೆರೆಯ ಆಚೆಗೂ ಈಚೆಗೂ ಬಳುಕುತ್ತ ಹೋಗುತ್ತದೆ ಅಲ್ವಾ? ಆ ದಾರಿಯಲ್ಲೇ ಹೊಲಿಗೆ ಹೋಗಬೇಕು, ನೇರ ಗೆರೆಯಲ್ಲಿ ಅಲ್ಲ.

ಸೂಜಿಗೆ ಒಂಟಿ ದಾರ, ಮೊಣಕೈ ಉದ್ದಕ್ಕಿಂತ ಜಾಸ್ತಿ ಬೇಡ. ಸೂಜಿ ಕೆಳಗಿನಿಂದ ಹೂವಿನ ಅಂಚಿನ ದಪ್ಪ ಎಳೆಯ ಒಳಗೆ ಬರಲಿ. ಅಂಚು ದಾಟಿ, ಬಂದ ಜಾಗದ ಎದುರಿಗೇ ಕೆಳಗಿನ ಜಾಲಕ್ಕೆ ಇಳಿಯಲಿ. ಒಳಗೆ ಎರಡು ಮೂರು ಮಿಲಿಮೀಟರ್ ಮುಂದೆ ಸರಿದು ಮತ್ತೆ ಮೇಲೆ. ದಾರವನ್ನು ಎಳೆದು ಬಿಗಿಯಬೇಡಿ, ಹೂವು ಮುದುಡುತ್ತದೆ. ಒಂದು ಗೇಣು ಹೊಲಿದ ಮೇಲೆ ಬೆಳಕಿಗೆ ಹಿಡಿದು ನೋಡಿ. ಟಾಕಿ ಕಾಣಿಸಬಾರದು. ಪೂರ್ತಿ ಆದ ಮೇಲೆ ಮೇಲಿನ ಲೇಸಿನ ಹೆಚ್ಚುವರಿ ಜಾಲವನ್ನು ಹೂವಿನ ಅಂಚಿಗೆ ಸರಿಯಾಗಿ ಕತ್ತರಿಸಿ. ತಿರುಗಿಸಿ, ಕೆಳಗಿನ ಲೇಸಿನ ಹೆಚ್ಚುವರಿಯನ್ನು ಹೊಲಿಗೆಯಿಂದ ಮೂರ್ನಾಲ್ಕು ಮಿಲಿಮೀಟರ್ ಬಿಟ್ಟು ತೆಗೆಯಿರಿ. ಈ ಸಲ ಕತ್ತರಿಯ ಕೆಳಗೆ ಎಡಗೈ ಬೆರಳು ಇರಲಿ, ಮೇಲಿನ ಪದರ ಸೇರಿ ಕತ್ತರಿಸಿ ಹೋಗಬಾರದು.

ಜೋಡಣೆಯ ನಡುವೆ ಎಲ್ಲೋ ಹೂವೇ ಇರದ ಖಾಲಿ ಜಾಗ ಸಿಗುತ್ತದೆ. ಹೆಚ್ಚುವರಿ ಮೀಟರ್ ತಂದದ್ದು ಇದಕ್ಕೇ. ಒಂದು ಬಿಡಿ ಹೂವು ಕತ್ತರಿಸಿ ಅಲ್ಲಿ ಕೂರಿಸಿ. ಸೊಂಟದ ಅಡ್ಡ ಹೊಲಿಗೆಯನ್ನೂ ಹೀಗೆಯೇ ಮುಚ್ಚಿ. ಮೇಲಿನ ಬಳ್ಳಿ ಕೆಳಗಿನ ಸ್ಕರ್ಟಿಗೆ ಇಳಿದ ಹಾಗೆ ಎರಡು ಮೂರು ಕಡೆ ಹೂವು ದಾಟಿಸಿದರೆ ಸಾಕು.

ಕೈಹೊಲಿಗೆಯ ನಿಧಾನ ಬೇಸರ ತಂದರೆ ಬ್ರಿಟನ್ನಿನ ರಾಜಕುಮಾರ ವಿಲಿಯಂ ಕೈಹಿಡಿದ ಕೇಟ್ ಮಿಡಲ್ಟನ್ ಗೌನ್ ನೆನೆಸಿಕೊಳ್ಳಿ. 2011ರ ಆ ಮದುವೆಗೆ ಲೇಸಿನ ಹೂಗಳನ್ನು ಒಂದೊಂದಾಗಿ ಕತ್ತರಿಸಿ ರೇಷ್ಮೆ ನೆಟ್ ಮೇಲೆ ಕೂರಿಸಿದ್ದು ಲಂಡನ್ನಿನ ರಾಯಲ್ ಸ್ಕೂಲ್ ಆಫ್ ನೀಡಲ್‌ವರ್ಕ್‌ನವರು. ಅವರ ಟಾಕಿಯೂ ಎರಡು ಮೂರು ಮಿಲಿಮೀಟರಿಗೆ ಒಂದು. ಅರ್ಧ ಗಂಟೆಗೊಮ್ಮೆ ಕೈ ತೊಳೆಯುತ್ತಿದ್ದರು, ಮೂರು ಗಂಟೆಗೊಮ್ಮೆ ಸೂಜಿ ಬದಲಿಸುತ್ತಿದ್ದರು. ಕೈ ತೊಳೆಯುವುದನ್ನು ನಾವೂ ಮಾಡೋಣ. ನಮ್ಮ ಬೆವರಿಗೆ ಅರ್ಧ ಗಂಟೆಯೂ ಜಾಸ್ತಿಯೇ. ಸೂಜಿ ಮಾತ್ರ ದಿನಕ್ಕೊಂದು ಬದಲಿಸಿದರೂ ನಡೆಯುತ್ತದೆ.

ಮೆಷಿನ್ ಎಲ್ಲಿ ಬೇಕು?

ಲೇಸನ್ನು ನೆಟ್ಟಿಗೆ ಸೇರಿಸುವ ಸೊಂಟದ ಹೊಲಿಗೆ, ಕತ್ತು, ತೋಳಿನ ಸುತ್ತು, ಜಿಪ್. ಇಲ್ಲೆಲ್ಲ ಮೆಷಿನ್ ಬೇಕು. ಕಾಲಿನ ಹಳೆ ಉಷಾ ಮೆಷಿನ್ ಆದರೂ ಚಿಂತೆ ಇಲ್ಲ. ನೇರ ಹೊಲಿಗೆಯ ಪ್ಲೇಟಿನ ತೂತು ಸಣ್ಣದಿರುವುದರಿಂದ ಲೇಸನ್ನು ಒಳಗೆ ಎಳೆದುಕೊಳ್ಳುವುದು ಕಡಿಮೆ. ಆದರೂ ಲೇಸಿನ ಕೆಳಗೆ ಟಿಶ್ಯೂ ಪೇಪರ್ ಇಟ್ಟು ಹೊಲಿಯಿರಿ, ಆಮೇಲೆ ಮೆಲ್ಲಗೆ ಹರಿದು ತೆಗೆಯಿರಿ. ಪ್ರೆಸ್ಸರ್ ಫೂಟಿನ ಬೆರಳುಗಳು ಜಾಲಕ್ಕೆ ಸಿಕ್ಕಿಕೊಂಡರೆ ಅವಕ್ಕೆ ಸೆಲ್ಲೋಟೇಪ್ ಸುತ್ತಿ, ಸೂಜಿಯ ದಾರಿ ಬಿಟ್ಟು. ಟೆನ್ಷನ್ ಸ್ವಲ್ಪ ಸಡಿಲ, ಹೊಲಿಗೆ ಎರಡು ಮಿಲಿಮೀಟರ್. ಶುರು ಮಾಡುವಾಗ ಎರಡೂ ದಾರದ ತುದಿಯನ್ನು ಹಿಂದಕ್ಕೆ ಹಿಡಿದುಕೊಳ್ಳಿ. ರಿವರ್ಸ್ ಹೊಲಿಗೆ ಬೇಡ, ಗಂಟು ಹಾಕಿ.

ತೋಳು ಮತ್ತು ಕತ್ತು

ತೋಳಿಗೆ ಬರೀ ಲೇಸ್ ಹಾಕಿದರೆ ಮೊಣಕೈ ಮಡಚಿದಾಗ ಹರಿಯುತ್ತದೆ. ಅಡಿಯಲ್ಲಿ ಮೈಬಣ್ಣದ ಅಥವಾ ಬಿಳಿ ಮೃದು ನೆಟ್ ಒಂದು ಪದರ ಇರಲಿ. ಅದು ಹಿಗ್ಗುವ ನೆಟ್ ಆದರೆ ಇನ್ನೂ ಒಳ್ಳೆಯದು. ತೋಳಿನ ಸುತ್ತಳತೆಗೆ ಬ್ಲೌಸಿಗಿಂತ ಒಂದು ಇಂಚು ಜಾಸ್ತಿ ಬಿಡಿ. ಬಗಲನ್ನು ಎತ್ತರಕ್ಕೆ ಕತ್ತರಿಸಿ. ಬಗಲು ಕೆಳಗಿದ್ದಷ್ಟೂ ಕೈ ಎತ್ತಿದಾಗ ಇಡೀ ಗೌನ್ ಮೇಲೆ ಬರುತ್ತದೆ.

ಕತ್ತಿಗೆ ದಪ್ಪ ಪೈಪಿಂಗ್ ಬೇಡ. ನೆಟ್ಟಿನದೇ ಅಡ್ಡಪಟ್ಟಿಯಿಂದ ಸಪೂರಾಗಿ ಮುಗಿಸಿ, ಮೇಲೆ ಅಲೆ ಅಂಚನ್ನು ಕೂರಿಸಿ.

ಕೆಳಗಿನ ಅಂಚು

ಲೇಸಿನ ಅಂಚು ನೇರ, ಎ-ಲೈನ್ ಸ್ಕರ್ಟಿನ ಅಂಚು ದುಂಡು. ಇವೆರಡಕ್ಕೂ ಹೊಂದಿಕೆ ಆಗುವುದಿಲ್ಲ. ಎರಡು ದಾರಿ ಇದೆ. ಸುಲಭದ್ದು: ಲೇಸ್ ಸ್ಕರ್ಟನ್ನು ಆಯತವಾಗಿಯೇ ಇಟ್ಟು ಸೊಂಟದಲ್ಲಿ ನೆರಿಗೆ ಹಿಡಿಯುವುದು. ಅಂಚು ಮುಟ್ಟುವುದೇ ಬೇಡ. ತೆಳು ಲೇಸಿಗೆ ಇದು ಚೆನ್ನಾಗಿ ಕಾಣುತ್ತದೆ, ಭಾರದ್ದಕ್ಕೆ ಸೊಂಟ ದಪ್ಪ ಅನ್ನಿಸುತ್ತದೆ.

ಇನ್ನೊಂದು: ಅಲೆ ಅಂಚನ್ನು ಹೂವಿನ ಸುತ್ತು ಹಿಡಿದು ಪೂರ್ತಿ ಕತ್ತರಿಸಿ ತೆಗೆದು, ಸ್ಕರ್ಟಿನ ದುಂಡು ಅಂಚಿನ ಉದ್ದಕ್ಕೂ ಮತ್ತೆ ಕೂರಿಸುವುದು. ದುಂಡಗೆ ತಿರುಗುವಲ್ಲಿ ಹೂವುಗಳ ನಡುವಿನ ಜಾಲಕ್ಕೆ ಸಣ್ಣ ಕತ್ತರಿ ಕೊಟ್ಟು, ಒಂದರ ಮೇಲೊಂದು ಸ್ವಲ್ಪ ಹತ್ತಿಸಿ. ಆಮೇಲೆ ಮೇಲೆ ಹೇಳಿದ ಕೈಹೊಲಿಗೆ. ಇದನ್ನು ಗೌನ್ ಹಾಕಿಕೊಂಡು, ಚಪ್ಪಲಿ ಹಾಕಿಕೊಂಡು, ಇನ್ನೊಬ್ಬರ ಕೈಲಿ ಗುಂಡುಸೂಜಿ ಹಾಕಿಸಿಕೊಂಡೇ ಮಾಡಬೇಕು. ಅದಕ್ಕೂ ಮುಂಚೆ ಗೌನ್ ಎರಡು ದಿನ ನೇತಾಡಲಿ. ಬಟ್ಟೆ ಇಳಿಯುವಷ್ಟು ಇಳಿದು ನಿಲ್ಲುತ್ತದೆ. ಮುಂದೆ ನೆಲದಿಂದ ಎರಡು ಸೆಂಟಿಮೀಟರ್ ಮೇಲೆ ಇರಲಿ. ಲೈನಿಂಗ್ ಅದಕ್ಕಿಂತ ಇನ್ನೊಂದು ಇಂಚು ಮೇಲೆ.

ಹಿಂಭಾಗ: ಗುಂಡಿಯೋ ಜಿಪ್ಪೋ

ಬೆನ್ನಿನುದ್ದಕ್ಕೂ ಸಾಲು ಗುಂಡಿ ಎಲ್ಲರ ಆಸೆ. ಕೇಟ್ ಗೌನಿನ ಬೆನ್ನಲ್ಲಿ 58 ಗುಂಡಿ ಇದ್ದವು. ಆದರೆ ನಮ್ಮ ಕಡೆ ಒಂದು ವಿಷಯ ಇದೆ. ಮಂಗಳೂರು ಕ್ಯಾಥೊಲಿಕ್ ಮದುವೆಯಲ್ಲಿ ಮದುಮಗಳು ರಿಸೆಪ್ಷನ್ ನಡುವೆ ಬಿಳಿ ಗೌನ್ ಬದಲಿಸಿ ಗಂಡಿನ ಮನೆಯವರು ಕೊಟ್ಟ ಕೆಂಪು ಸೀರೆ, ಅಂದರೆ ಸಾಡೊ, ಉಡಬೇಕಾಗುತ್ತದೆ. ಹಾಲ್‌ನಲ್ಲಿ ಜನ ಕಾಯುತ್ತಿರುವಾಗ ಹಿಂದಿನ ಕೋಣೆಯಲ್ಲಿ ಯಾರು 58 ಗುಂಡಿ ಬಿಚ್ಚುತ್ತಾರೆ?

ಅದೃಶ್ಯ ಜಿಪ್ ಹಾಕಿ. ಅದನ್ನು ಲೈನಿಂಗ್ ಮತ್ತು ನೆಟ್ಟಿಗೆ ಹೊಲಿಯಿರಿ, ಲೇಸಿಗೆ ಅಲ್ಲ. ಲೇಸಿನ ಅಂಚನ್ನು ಜಿಪ್ಪಿನ ಹಲ್ಲಿನಿಂದ ಐದು ಮಿಲಿಮೀಟರ್ ದೂರದಲ್ಲಿ ಕೈಯಿಂದ ಮಡಚಿ ಹೊಲಿಯಿರಿ, ಇಲ್ಲದಿದ್ದರೆ ಹಲ್ಲಿಗೆ ಸಿಕ್ಕಿಕೊಳ್ಳುತ್ತದೆ. ಮೇಲೆ ಒಂದು ಬದಿಗೆ ಬಟ್ಟೆ ಸುತ್ತಿದ ಸಣ್ಣ ಗುಂಡಿಗಳ ಸಾಲು, ಬರೀ ಅಂದಕ್ಕೆ. ಜಿಪ್ ತುದಿಯಲ್ಲಿ ಒಂದು ಹುಕ್.

ಇಸ್ತ್ರಿ, ಮಳೆಗಾಲ, ಕಪಾಟು

ಇಸ್ತ್ರಿಗೆ ಮೊದಲು ತುಂಡಿನ ಮೇಲೆ ಪರೀಕ್ಷೆ. ನೈಲಾನ್ ಬಿಸಿಗೆ ಕ್ಷಣದಲ್ಲಿ ಸುಟ್ಟು ಮುರುಟುತ್ತದೆ. ದಪ್ಪ ಟವೆಲ್ ಮೇಲೆ ಲೇಸನ್ನು ಬೋರಲು ಹಾಕಿ, ಮೇಲೆ ತೆಳು ಹತ್ತಿ ಬಟ್ಟೆ ಇಟ್ಟು, ಕಡಿಮೆ ಬಿಸಿಯಲ್ಲಿ ಒತ್ತಿ ಎತ್ತಿ. ಉಜ್ಜಬೇಡಿ. ಟವೆಲ್ ಇದ್ದರೆ ಎದ್ದಿರುವ ಹೂವು ಚಪ್ಪಟೆ ಆಗುವುದಿಲ್ಲ. ಮಣಿ ಇದ್ದರೆ ಹಬೆ ಮಾತ್ರ, ದೂರದಿಂದ.

ಮಳೆಗಾಲದಲ್ಲಿ ಹೊಲಿಯುವವರು ಗುಂಡುಸೂಜಿಯನ್ನು ರಾತ್ರಿಯಿಡೀ ಲೇಸಿನಲ್ಲಿ ಬಿಡಬೇಡಿ. ತುಕ್ಕು ಹಿಡಿದು ಕಂದು ಚುಕ್ಕೆ ಬೀಳುತ್ತದೆ, ಅದು ಹೋಗುವುದು ಬಹಳ ಕಷ್ಟ. ಎದ್ದು ಹೋಗುವ ಮುಂಚೆ ಸೂಜಿ ತೆಗೆದು ಕಚ್ಚಾ ಹೊಲಿಗೆ ಹಾಕಿ. ಕೆಲಸ ನಿಲ್ಲಿಸಿದಾಗಲೆಲ್ಲ ಹಳೆ ಬಿಳಿ ಹತ್ತಿ ಬೆಡ್‌ಶೀಟಿನಲ್ಲಿ ಸುತ್ತಿಡಿ, ಪ್ಲಾಸ್ಟಿಕ್ ಚೀಲ ಬೇಡ, ಒಳಗೆ ತೇವ ನಿಂತು ಬೂಸ್ಟು ಬರುತ್ತದೆ. ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ ಇಡಿ. ನುಸಿಗುಳಿಗೆ ವಾಸನೆ ಮದುವೆ ದಿನದವರೆಗೂ ಹೋಗುವುದಿಲ್ಲ, ಅದು ಬೇಡ.

ನೇತುಹಾಕುವುದಕ್ಕೆ ಸೊಂಟದ ರಿಬ್ಬನ್‌ಗೆ ಒಳಗಿನಿಂದ ಎರಡು ಉದ್ದ ಕುಣಿಕೆ ಹೊಲಿದು, ಹ್ಯಾಂಗರಿಗೆ ಅದನ್ನೇ ಸಿಕ್ಕಿಸಿ. ಭುಜದ ಲೇಸಿನಿಂದ ನೇತುಹಾಕಿದರೆ ಎರಡು ವಾರದಲ್ಲಿ ಭುಜ ಜಗ್ಗಿರುತ್ತದೆ.

ಮದುವೆ ದಿನಕ್ಕೆ ಮತ್ತು ಆಮೇಲೆ

ಜೊತೆಗಿರುವವರ ಪರ್ಸಿನಲ್ಲಿ ದಾರ ಪೋಣಿಸಿದ ಎರಡು ಸೂಜಿ, ಸಣ್ಣ ಕತ್ತರಿ, ನಾಲ್ಕು ಹುಕ್, ಎರಡು ಬಿಡಿ ಹೂವು ಇರಲಿ. ಯಾರದೋ ಹಿಮ್ಮಡಿ ಅಂಚಿಗೆ ಸಿಕ್ಕಿ ಹರಿದರೆ ಹೂವು ಇಟ್ಟು ನಾಲ್ಕು ಟಾಕಿ ಹಾಕಿದರೆ ಮುಗಿಯಿತು. ಪೌಡರ್, ಲಿಪ್‌ಸ್ಟಿಕ್ ಆಗುವ ಮುಂಚೆ ಗೌನ್ ಹಾಕುವುದಾದರೆ ಕತ್ತಿಗೆ ಟವೆಲ್. ಮೇಕಪ್ ಆದ ಮೇಲೆ ಹಾಕುವುದಾದರೆ ಕಾಲಿನಿಂದ ಮೇಲಕ್ಕೆ, ತಲೆಯಿಂದ ಅಲ್ಲ.

ಮದುವೆ ಮುಗಿದ ವಾರದೊಳಗೆ ತೊಳೆಯುವ ವ್ಯವಸ್ಥೆ ಮಾಡಿ. ಕೇಕು, ವೈನ್, ಬೆವರಿನ ಕಲೆ ಅವತ್ತು ಕಾಣಿಸುವುದಿಲ್ಲ. ಆರು ತಿಂಗಳು ಬಿಟ್ಟು ತೆಗೆದರೆ ಹಳದಿ ಚುಕ್ಕೆಗಳಾಗಿ ನಿಂತಿರುತ್ತವೆ. ಹತ್ತಿ ಲೈನಿಂಗ್, ನೈಲಾನ್ ಲೇಸ್ ಆದರೆ ಮನೆಯಲ್ಲೇ ದೊಡ್ಡ ಟಬ್‌ನಲ್ಲಿ ತಣ್ಣೀರು, ಸೌಮ್ಯ ಸೋಪು ಹಾಕಿ ಅದ್ದಿ ತೆಗೆಯಬಹುದು. ಹಿಂಡಬೇಡಿ, ಟವೆಲ್ ಮೇಲೆ ಹರಡಿ ನೆರಳಲ್ಲಿ ಒಣಗಿಸಿ. ರೇಷ್ಮೆ ಅಥವಾ ಮಣಿ ಇದ್ದರೆ ಡ್ರೈಕ್ಲೀನ್‌ಗೆ ಕೊಡಿ. ಕೊಡುವಾಗ ಕಲೆ ಎಲ್ಲೆಲ್ಲಿದೆ ಅಂತ ದಾರ ಕಟ್ಟಿ ಗುರುತು ಮಾಡಿ, ಅದು ಯಾವುದರ ಕಲೆ ಅಂತಲೂ ಹೇಳಿ.